ಡ್ರಮ್ಮಿನೊಳಗಿನ ಕೆಂಡ

ಕಳೆದ ವರ್ಷ ಮುಂಬಯಿ ಉಪನಗರದ ಕನ್ನಡ ಸಂಘವೊಂದು ಅಗ್ನಿ ಸುರಕ್ಷತೆಯ ಬಗ್ಗೆ ಮಾತನಾಡಲು ನನ್ನನ್ನು ಕರೆದಿತ್ತು. ಗ್ಯಾಸ್ ಸಿಲಿಂಡರ್, ಮೀಟರ್ ಪೆಟ್ಟಿಗೆ, ಲಿಫ್ಟ್ ಎಂದು ನನ್ನ ಮಾಮೂಲು ಪಾಠ ಮುಗಿಯುವಷ್ಟರಲ್ಲಿ, ಚೆಂಬೂರಿನಿಂದ ಬಂದಿದ್ದ ಹುಬ್ಬಳ್ಳಿ ಕಡೆಯ ಹಿರಿಯರೊಬ್ಬರು ಎದ್ದು ನಿಂತರು. "ಸರ, ನಮ್ಮ ಮನಿ ಗಚ್ಚಿ ಮ್ಯಾಲಿಂದ ಟ್ರಾಂಬೆ ಗುಡ್ಡ ಕಾಣಿಸ್ತದ. ಅಲ್ಲಿ ಅಣುಶಕ್ತಿ ಕಸಕ್ಕ ಬೆಂಕಿ ಹತ್ತಿದ್ರ ನಾವು ಏನ್ ಮಾಡ್ಬೇಕ್ರಿ?" ಎಂದರು. ಪಕ್ಕದಲ್ಲಿದ್ದ ಅವರ ಮನೆಯವರು, "ಕಸಾ ಅಂದ್ರ ಲೋಹದ ಚೂರು ಅಂತ ನೀವ ಹೇಳಿದ್ರಿ. ಲೋಹಕ್ಕ ಎಲ್ಲ್ಯರ ಬೆಂಕಿ ಹತ್ತತದೇನ್ರಿ?" ಎಂದು ಗಂಡನನ್ನೇ ಕೇಳಿದರು. ಸಭೆ ನಕ್ಕಿತು.

ನನಗೆ ಮಾತ್ರ ಆ ಎರಡನೆಯ ಪ್ರಶ್ನೆಯೇ ದೊಡ್ಡದಾಗಿ ಕಂಡಿತು. ಅದಕ್ಕೆ ಉತ್ತರ ಗೊತ್ತಿಲ್ಲದ ಕಾರಣದಿಂದಲೇ ಜಗತ್ತಿನ ಕೆಲವು ದುಬಾರಿ ಬೆಂಕಿಗಳು ಹೊತ್ತಿವೆ. ಐದು ನಿಮಿಷದಲ್ಲಿ ಹೇಳಿ ಮುಗಿಸುವ ವಿಷಯ ಅದಾಗಿರಲಿಲ್ಲ. ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ನಾನು ಅಣುವಿಜ್ಞಾನಿ ಅಲ್ಲ. ಠಾಣೆ-ಬೇಲಾಪುರ ಪಟ್ಟಿಯ ಖಾಸಗಿ ಕಾರ್ಖಾನೆಗಳಲ್ಲಿ ಬೆಂಕಿ ಹತ್ತದಂತೆ ನೋಡಿಕೊಳ್ಳುವುದು, ಹತ್ತಿದರೆ ಆರಿಸುವುದು ನನ್ನ ಕೆಲಸವಾಗಿತ್ತು. ಲೋಹದ ಬೆಂಕಿಯನ್ನು ನಾನು ನೋಡಿದ್ದು ಆ ದಾರಿಯಿಂದ.

ಲೋಹಕ್ಕೆ ಬೆಂಕಿ ಹತ್ತುತ್ತದೆ. ದೀಪಾವಳಿಯ ಸುರ್ಸುರ್ ಬತ್ತಿಯಿಂದ ಹಾರುವ ನಕ್ಷತ್ರಗಳೆಲ್ಲ ಉರಿಯುತ್ತಿರುವ ಲೋಹದ ಪುಡಿಯೇ. ಅದೇ ಕಬ್ಬಿಣದ ಹಾರೆಯನ್ನು ಒಲೆಯಲ್ಲಿಟ್ಟರೆ ಕೆಂಪಗಾಗುತ್ತದೆ, ಉರಿಯುವುದಿಲ್ಲ. ವ್ಯತ್ಯಾಸ ಇರುವುದು ಗಾತ್ರದಲ್ಲಿ. ಗಟ್ಟಿ ದಿಮ್ಮಿಯಲ್ಲಿ ಗಾಳಿಗೆ ತಾಗುವ ಮೈ ಕಡಿಮೆ, ಹುಟ್ಟಿದ ಶಾಖವೂ ಒಳಕ್ಕೆ ಹರಿದುಹೋಗುತ್ತದೆ. ಅದೇ ಲೋಹವನ್ನು ಲೇತ್ ಯಂತ್ರದಲ್ಲಿ ಕೊರೆದು ಸುರುಳಿ ಮಾಡಿದರೆ, ಗರಗಸದಿಂದ ಕೊಯ್ದು ಪುಡಿ ಮಾಡಿದರೆ ಗಾಳಿಗೆ ತಾಗುವ ಮೈ ನೂರಾರು ಪಟ್ಟು ಹೆಚ್ಚುತ್ತದೆ. ತುಕ್ಕು ಹಿಡಿಯುವುದೂ ಒಂದು ಬಗೆಯ ನಿಧಾನವಾದ ಉರಿಯೇ. ಆ ತುಕ್ಕಿನ ಶಾಖ ಹೊರಗೆ ಹೋಗಲು ದಾರಿಯಿಲ್ಲದೆ ರಾಶಿಯೊಳಗೆ ಕೂಡಿಕೊಂಡರೆ, ಯಾರೂ ಕಡ್ಡಿ ಗೀರದೆಯೇ ಬೆಂಕಿ.

ಹಳ್ಳಿಯಿಂದ ಬಂದವರಿಗೆ ಇದನ್ನು ಬೇರೆ ವಿವರಿಸಬೇಕಿಲ್ಲ. ಸರಿಯಾಗಿ ಒಣಗದ ಹುಲ್ಲನ್ನು ಬಣವೆ ಹಾಕಿದರೆ ಒಳಗೊಳಗೇ ಕಾವು ಏರಿ ಒಂದು ದಿನ ಹೊಗೆ ಏಳುತ್ತದೆ. ಅದಕ್ಕೇ ಅಜ್ಜಂದಿರು ಬಣವೆಯೊಳಗೆ ಕೈ ತೂರಿಸಿ ನೋಡುತ್ತಿದ್ದರು. ಯುರೇನಿಯಂ, ಪ್ಲುಟೋನಿಯಂ, ಜಿರ್ಕೋನಿಯಂ, ಮೆಗ್ನೀಸಿಯಂ ಚೂರುಗಳ ರಾಶಿಯೂ ಒಂದು ರೀತಿಯ ಹಸಿ ಬಣವೆಯೇ. ಈ ಲೋಹಗಳಿಗೆ ಆಮ್ಲಜನಕದ ಮೇಲೆ ಮೋಹ ಹೆಚ್ಚು. ಗಟ್ಟಿ ಪ್ಲುಟೋನಿಯಂ ಹೊತ್ತಿಕೊಳ್ಳಲು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಶಾಖ ಬೇಕು. ಸಣ್ಣ ಚೂರಾದರೆ 150 ಡಿಗ್ರಿ ಸುಮಾರಿಗೇ ಹೊತ್ತಿಕೊಳ್ಳಬಹುದು. ನಮ್ಮ ಬಜ್ಜಿ ಬಾಣಲೆಯ ಎಣ್ಣೆ ಅದಕ್ಕಿಂತ ಬಿಸಿ ಇರುತ್ತದೆ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಪಕ್ಕಕ್ಕಿಡಬೇಕು. ಈ ಬೆಂಕಿಗೂ ಅಣುಬಾಂಬಿಗೂ ಸಂಬಂಧವಿಲ್ಲ. ಇದು ಪರಮಾಣು ಒಡೆದು ಬರುವ ಶಕ್ತಿಯಲ್ಲ, ಸೌದೆ ಉರಿದಂತೆ ರಾಸಾಯನಿಕವಾಗಿ ಉರಿಯುವುದು ಅಷ್ಟೇ. ಬೆಂಕಿಯಿಂದ ವಿಕಿರಣ ಹೆಚ್ಚುವುದೂ ಇಲ್ಲ, ಸುಟ್ಟು ನಾಶವಾಗುವುದೂ ಇಲ್ಲ. ಅಪಾಯ ಇರುವುದು ಹೊಗೆಯಲ್ಲಿ. ಡಬ್ಬಿಯಲ್ಲಿ ಗಟ್ಟಿಯಾಗಿ ಕೂತಿದ್ದ ಲೋಹ, ಉರಿದಾಗ ಉಸಿರಿನೊಂದಿಗೆ ಒಳಹೋಗುವಷ್ಟು ಸೂಕ್ಷ್ಮವಾದ ಬೂದಿಯಾಗುತ್ತದೆ. ಪ್ಲುಟೋನಿಯಂ ಹೊರಸೂಸುವ ಆಲ್ಫಾ ಕಣಗಳನ್ನು ಒಂದು ಹಾಳೆ ಕಾಗದ ತಡೆಯಬಲ್ಲದು. ಅದೇ ಕಣ ಶ್ವಾಸಕೋಶದೊಳಗೆ ಕೂತರೆ ತಡೆಯಲು ನಡುವೆ ಏನೂ ಇಲ್ಲ. ಯುರೇನಿಯಂ ಆದರೆ ವಿಕಿರಣಕ್ಕಿಂತ ಮೊದಲು ಮೂತ್ರಪಿಂಡಕ್ಕೆ ವಿಷ.

ಈ ಪಾಠವನ್ನು ಜಗತ್ತು ಕಲಿತದ್ದು ಹೆಚ್ಚಾಗಿ ಒಂದೇ ಊರಿನಿಂದ. ಅಮೆರಿಕದ ಕೊಲರಾಡೊ ರಾಜ್ಯದ ಡೆನ್ವರ್ ನಗರದಿಂದ ಸುಮಾರು 25 ಕಿಲೋಮೀಟರ್ ದೂರದಲ್ಲಿ ರಾಕಿ ಫ್ಲ್ಯಾಟ್ಸ್ ಎಂಬ ಕಾರ್ಖಾನೆ ಇತ್ತು. ಅಣುಬಾಂಬುಗಳ ಪ್ಲುಟೋನಿಯಂ ತಿರುಳನ್ನು ಅಲ್ಲಿ ಎರಕ ಹೊಯ್ದು, ಕೊರೆದು, ಉಜ್ಜಿ ತಯಾರಿಸುತ್ತಿದ್ದರು. ಪ್ಲುಟೋನಿಯಂ ಅನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಪಾರದರ್ಶಕ ಗೋಡೆಯ ದೊಡ್ಡ ಪೆಟ್ಟಿಗೆಗಳೊಳಗೆ ಅದನ್ನಿಟ್ಟು, ಪೆಟ್ಟಿಗೆಗೇ ಹೊಲಿದಂತಿರುವ ರಬ್ಬರ್ ಕೈಗವಸುಗಳಲ್ಲಿ ತೋಳು ತೂರಿಸಿ ಕೆಲಸ ಮಾಡಬೇಕು. ಆ ಪಾರದರ್ಶಕ ಗೋಡೆ ಗಾಜಿನದಲ್ಲ, ಪ್ಲೆಕ್ಸಿಗ್ಲಾಸ್ ಎಂಬ ಪ್ಲಾಸ್ಟಿಕ್ಕಿನದು. ಚೆನ್ನಾಗಿ ಉರಿಯುವ ಪ್ಲಾಸ್ಟಿಕ್.

1957ರ ಸೆಪ್ಟೆಂಬರ್ 11ರ ರಾತ್ರಿ 10 ಗಂಟೆ ಸುಮಾರಿಗೆ ಕಾವಲುಗಾರರ ಕಣ್ಣಿಗೆ ಬೆಂಕಿ ಬಿತ್ತು. ಹೊತ್ತಿಕೊಂಡಿದ್ದು ತಯಾರಾದ ತಿರುಳಲ್ಲ, ಕಸ. ಅಕ್ಕಸಾಲಿಗರು ಬಂಗಾರ ಕರಗಿಸುವ ಮೂಸೆಯ ತಳದಲ್ಲಿ ಒಂದು ಪದರ ಉಳಿಯುವುದನ್ನು ನೋಡಿದ್ದೀರಲ್ಲ, ಹಾಗೆ ಪ್ಲುಟೋನಿಯಂ ಎರಕದ ಮೂಸೆಯಲ್ಲೂ ಅನ್ನದ ಪಾತ್ರೆಯ ಸೀಕಿನಂತೆ ತೆಳ್ಳನೆಯ ಹಕ್ಕಳೆ ಉಳಿಯುತ್ತದೆ. ಆ ಹಕ್ಕಳೆಗಳನ್ನು ಡಬ್ಬಿಯಲ್ಲಿ ಹಾಕಿ ಪೆಟ್ಟಿಗೆಯೊಳಗೆ ಇಟ್ಟಿದ್ದರು. ಅವು ತಾವಾಗಿ ಹೊತ್ತಿಕೊಂಡವು. ಪ್ಲಾಸ್ಟಿಕ್ ಗೋಡೆ ಹತ್ತಿತು. ಬಂದವರು ಇಂಗಾಲದ ಡೈಆಕ್ಸೈಡ್ ಸಿಲಿಂಡರುಗಳನ್ನು ಖಾಲಿ ಮಾಡಿದರು, ಏನೂ ಉಪಯೋಗವಾಗಲಿಲ್ಲ. ಹೊಗೆಯಲ್ಲಿ ಏನೂ ಕಾಣುತ್ತಿಲ್ಲವೆಂದು ಗಾಳಿ ಎಳೆಯುವ ಫ್ಯಾನುಗಳನ್ನು ಜೋರು ಮಾಡಿದರು. ಒಲೆಗೆ ಊದುಕೊಳವೆ ಹಿಡಿದಂತಾಯಿತು. ಬೆಂಕಿ ಹೊಗೆಕೊಳವೆಗಳಲ್ಲಿ ಹರಿದು ಸೋಸುಹಾಳೆಗಳವರೆಗೆ ಹೋಯಿತು. ವಿಷದ ಧೂಳನ್ನು ಹಿಡಿಯಬೇಕಾದ ಆ ಸೋಸುಹಾಳೆಗಳೂ ಉರಿಯುವ ವಸ್ತುವಿನಿಂದಲೇ ಮಾಡಿದ್ದವು! ಕೊಳವೆಯಲ್ಲಿ ಸ್ಫೋಟವೂ ಆಯಿತು. ಕೊನೆಗೆ ನೀರು ಹಾಕಿ ಆರಿಸಿದರು. ಸೋಸುಹಾಳೆಗಳ ಕಡೆಯ ಬೆಂಕಿ ಪೂರ್ತಿ ಆರುವಷ್ಟರಲ್ಲಿ ಮರುದಿನವಾಗಿತ್ತು. ಗುಟ್ಟಿನ ಕಾರ್ಖಾನೆ, ಶೀತಲ ಸಮರದ ಕಾಲ. ಸುತ್ತಲಿನ ಊರಿನವರಿಗೆ ತಿಳಿಸಿದ್ದು ಬಹಳ ಕಡಿಮೆ.

ಅಷ್ಟಾದ ಮೇಲಾದರೂ ಬುದ್ಧಿ ಬಂದಿರಬೇಕಿತ್ತು. ಹನ್ನೆರಡು ವರ್ಷದ ನಂತರ, 1969ರ ಮೇ 11ರಂದು, ಅದೇ ಆವರಣದ ಇನ್ನೊಂದು ಕಟ್ಟಡದಲ್ಲಿ ಅದಕ್ಕಿಂತ ದೊಡ್ಡ ಬೆಂಕಿ ಬಿತ್ತು. ಅಂದು ಭಾನುವಾರ. ಅಮೆರಿಕದಲ್ಲಿ ಅಮ್ಮಂದಿರ ದಿನ. ಕಾರ್ಖಾನೆಯಲ್ಲಿ ಜನ ಕಡಿಮೆ. ಕೊರೆಯುವಾಗ ಉದುರಿದ ಪ್ಲುಟೋನಿಯಂ ಚೂರುಗಳನ್ನು ಮರುಬಳಕೆಗೆಂದು ಒತ್ತಿ ಬಿಲ್ಲೆ ಮಾಡಿ ಇಟ್ಟಿದ್ದರು. ಅದರಲ್ಲೊಂದು ತಾನಾಗಿ ಹೊತ್ತಿಕೊಂಡಿತೆಂದು ತನಿಖೆ ಹೇಳಿತು. ವಿಕಿರಣ ತಡೆಯಲೆಂದು ಪೆಟ್ಟಿಗೆಗಳಿಗೆ ಒತ್ತಿದ ಮರದ ದಪ್ಪ ಹಲಗೆ ಹೊಂದಿಸಿದ್ದರು. ಆ ಹಲಗೆ ಎರಡು ಕೆಡುಕು ಮಾಡಿತು. ಬೆಂಕಿಗೆ ಸೌದೆಯಾಯಿತು, ಮತ್ತು ಶಾಖ ಪತ್ತೆ ಮಾಡುವ ಉಪಕರಣಕ್ಕೆ ಶಾಖ ತಲುಪದಂತೆ ಅಡ್ಡ ನಿಂತಿತು. ಮಧ್ಯಾಹ್ನ ಎರಡೂವರೆಯ ಹೊತ್ತಿಗೆ ಗಂಟೆ ಬಾರಿಸಿದಾಗ ಬೆಂಕಿ ಆಗಲೇ ಬಲಿತಿತ್ತು.

ಓಡಿಬಂದ ಅಗ್ನಿಶಾಮಕ ಸಿಬ್ಬಂದಿಯ ಸ್ಥಿತಿ ಏನಿತ್ತು ನೋಡಿ. ಪ್ಲುಟೋನಿಯಂ ಇರುವಲ್ಲಿ ನೀರು ಹಾಕುವಂತಿಲ್ಲ ಎಂದು ನಿಯಮ. ಕಾರಣ ಎರಡು. ಉರಿಯುವ ಲೋಹಕ್ಕೆ ನೀರು ಬಿದ್ದರೆ ಲೋಹ ನೀರಿನ ಆಮ್ಲಜನಕವನ್ನು ಕಿತ್ತುಕೊಂಡು ಹೈಡ್ರೋಜನ್ ಬಿಡುತ್ತದೆ, ಹೈಡ್ರೋಜನ್ ಸಿಡಿಯುತ್ತದೆ. ಇನ್ನೊಂದು, ಪ್ಲುಟೋನಿಯಂ ಸುತ್ತ ನೀರು ನಿಂತರೆ ನ್ಯೂಟ್ರಾನುಗಳ ವೇಗ ತಗ್ಗಿ ಸರಣಿ ಕ್ರಿಯೆ ಶುರುವಾಗಬಹುದು, ಹತ್ತಿರ ಇದ್ದವರಿಗೆ ಸಾಯುವಷ್ಟು ವಿಕಿರಣ. ಆದರೆ ಕೈಯಲ್ಲಿದ್ದ ಇಂಗಾಲದ ಡೈಆಕ್ಸೈಡ್ ಕೆಲಸ ಮಾಡುತ್ತಿಲ್ಲ. ಬೆಂಕಿ ಛಾವಣಿ ಸುಟ್ಟು ಹೊರಬಂದರೆ ಹೊಗೆ ಡೆನ್ವರಿನ ಕಡೆಗೆ. ಅವರು ನಿಯಮ ಮೀರಿ ನೀರು ಹಾಕಿದರು. ಸರಣಿ ಕ್ರಿಯೆ ಆಗಲಿಲ್ಲ. ಛಾವಣಿ ಉಳಿಯಿತು. ಕಣ್ಣಿಗೆ ಏನೂ ಕಾಣದ ಹೊಗೆಯಲ್ಲಿ, ಮುಂದಿನ ಕ್ಷಣ ಏನಾಗುತ್ತದೆಂದು ಗೊತ್ತಿಲ್ಲದೆ ಪೈಪು ಹಿಡಿದು ನಿಂತ ಆ ಸಿಬ್ಬಂದಿಯ ಬಗ್ಗೆ ಓದಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ. ಅಮೆರಿಕದಲ್ಲಿ ಅಲ್ಲಿಯವರೆಗೆ ಆದ ಅತ್ಯಂತ ದುಬಾರಿ ಕೈಗಾರಿಕಾ ಅಪಘಾತಗಳಲ್ಲಿ ಅದೂ ಒಂದು. ಆ ಬಳಿಕವೇ ಅಲ್ಲಿ ನೀರು ಸಿಂಪಡಿಸುವ ವ್ಯವಸ್ಥೆ, ಬೆಂಕಿ ತಡೆಗೋಡೆಗಳು, ಪೆಟ್ಟಿಗೆಗಳೊಳಗೆ ಗಾಳಿಯ ಬದಲು ಜಡ ಅನಿಲ ಬಂದದ್ದು.

ನೀರಿನ ವಿಷಯಕ್ಕೆ ಬಂದೆವಾದ್ದರಿಂದ ನಾನೇ ಕಂಡದ್ದೊಂದನ್ನು ಹೇಳುತ್ತೇನೆ. ಇದರಲ್ಲಿ ವಿಕಿರಣವಿಲ್ಲ, ಲೋಹದ ಗುಣ ಮಾತ್ರ ಅದೇ. ಮೆಗ್ನೀಸಿಯಂ ಮಿಶ್ರಲೋಹದ ಬಿಡಿಭಾಗ ಕೊರೆಯುವ ಒಂದು ಸಣ್ಣ ವರ್ಕ್‌ಶಾಪು. ಹೆಸರು ಬೇಡ. ಮೂಲೆಯಲ್ಲಿ ಚೂರುಗಳನ್ನು ಎಣ್ಣೆ ಒರೆಸಿದ ಕಾಟನ್ ವೇಸ್ಟಿನ ಜತೆಗೇ ಗುಡ್ಡೆ ಹಾಕಿದ್ದರು. ಗ್ರೈಂಡರಿನ ಕಿಡಿ ಹಾರಿತು. ನಾನು ಇನ್ನೊಂದು ಶೆಡ್ಡಿನಿಂದ ಕೂಗುತ್ತ ಓಡಿಬರುವಷ್ಟರಲ್ಲಿ ಬಿಸಿ ರಕ್ತದ ಹುಡುಗನೊಬ್ಬ ಬಕೆಟ್ ನೀರು ಎರಚಿಯೇ ಬಿಟ್ಟ. ಕಣ್ಣು ಕೋರೈಸುವ ಬಿಳಿ ಬೆಳಕು, ಪಟಾಕಿ ಅಂಗಡಿ ಸಿಡಿದ ಹಾಗೆ ಸದ್ದು. ಹುಡುಗನ ಹುಬ್ಬು, ಮುಂಗೈ ಸುಟ್ಟವು. ಪುಣ್ಯಕ್ಕೆ ಕಣ್ಣು ಉಳಿಯಿತು. ಆಮೇಲೆ ಮರಳು ಹಾಕಲು ಹೋದರೆ ಅಲ್ಲಿನ ಕೆಂಪು ಬಕೆಟ್ಟುಗಳ ಮರಳು ಜುಲೈ ತಿಂಗಳ ಮಳೆಗೆ ನೆಂದು ಮುದ್ದೆಯಾಗಿತ್ತು. ಒದ್ದೆ ಮರಳೆಂದರೆ ನೀರೇ. ಪಕ್ಕದ ಕಾರ್ಖಾನೆಯ ಗೋದಾಮಿನಿಂದ ಒಣ ಉಪ್ಪಿನ ಚೀಲ ತರಿಸಿ, ಉದ್ದ ಹಿಡಿಯ ಸಲಿಕೆಯಿಂದ ಮೆಲ್ಲಗೆ ಮುಚ್ಚಿದೆವು. ಉಪ್ಪು ಕರಗಿ ಮೇಲೆ ಹೆಪ್ಪು ಕಟ್ಟಿ ಗಾಳಿ ತಡೆಯುತ್ತದೆ. ಲೋಹದ ಬೆಂಕಿಗೆಂದು ಮಾರುವ 'ಡಿ' ವರ್ಗದ ನಂದಕಗಳಲ್ಲಿ ಕೆಲವದರೊಳಗೆ ಇರುವುದೂ ಮುಖ್ಯವಾಗಿ ಅದೇ ಉಪ್ಪು. ಅಣುಶಕ್ತಿ ಕೇಂದ್ರಗಳಲ್ಲಿ ಇದಕ್ಕೆ ಗ್ರಾಫೈಟ್ ಪುಡಿ, ಮೆಗ್ನೀಸಿಯಂ ಆಕ್ಸೈಡಿನ ಮರಳು, ಆರ್ಗಾನ್ ಅನಿಲಗಳನ್ನೂ ಬಳಸುತ್ತಾರೆ. ಮುಂಬಯಿಯ ವರ್ಕ್‌ಶಾಪಿನಲ್ಲಿ ಈ ಲೇಖನ ಓದುತ್ತಿರುವವರು ಯಾರಾದರೂ ಇದ್ದರೆ, ಮಳೆಗಾಲಕ್ಕೆ ಮುನ್ನ ಮರಳಿನ ಬಕೆಟ್ಟಿಗೆ ಮುಚ್ಚಳ ಹಾಕಿಸಿ.

ಇನ್ನು ಕಥೆಯ ಎರಡನೆಯ ಭಾಗ. ರಾಕಿ ಫ್ಲ್ಯಾಟ್ಸಿನ ಬೆಂಕಿಗಳನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಕಸ ಎಲ್ಲಿಗೆ ಹೋಯಿತೆಂದು ಕೇಳುವವರು ಕಡಿಮೆ. ನನ್ನ ಮಟ್ಟಿಗೆ ಅಸಲು ಪಾಠ ಇರುವುದು ಅಲ್ಲಿ.

ಅದು ಹೋದದ್ದು ಇಡಾಹೋ ರಾಜ್ಯದ ಮರುಭೂಮಿಗೆ. 1954ರಿಂದ 1970ರವರೆಗೆ ಡ್ರಮ್ಮು ಡ್ರಮ್ಮು, ಪೆಟ್ಟಿಗೆ ಪೆಟ್ಟಿಗೆ ಕೊಂಡೊಯ್ದು ಹೊಂಡಗಳಲ್ಲಿ ಹಾಕಿ ಮಣ್ಣು ಮುಚ್ಚಿದರು. 1969ರ ಬೆಂಕಿಯ ಅವಶೇಷಗಳೂ ಅಲ್ಲಿಗೇ ಬಂದವು. ರಾಕಿ ಫ್ಲ್ಯಾಟ್ಸಿನಲ್ಲಿ ಪ್ಲುಟೋನಿಯಂ ಅಲ್ಲದೆ ಯುರೇನಿಯಂ, ಬೆರಿಲಿಯಂ ಕೆಲಸವೂ ನಡೆಯುತ್ತಿತ್ತು. ಯುರೇನಿಯಂ-235ರ ಬಹುಪಾಲು ತೆಗೆದು ಉಳಿದ ಯುರೇನಿಯಂ, ಅಂದರೆ ಡಿಪ್ಲೀಟೆಡ್ ಯುರೇನಿಯಂ, ಚೂರುಗಳು ರಾಶಿಗಟ್ಟಲೆ ಹುಟ್ಟುತ್ತಿದ್ದವು. ಅವು ತಾವಾಗಿ ಹೊತ್ತಿಕೊಳ್ಳುವ ಚಾಳಿಯವು ಎಂದು ಗೊತ್ತಿದ್ದರಿಂದ, ಕುಲುಮೆಯಲ್ಲಿ ಹುರಿದು ಬೂದಿ ಮಾಡಿ ಕಳಿಸುವ ಪದ್ಧತಿ ಇತ್ತು. ಆಲೋಚನೆ ಒಳ್ಳೆಯದೇ. ಒಮ್ಮೆ ಉರಿದದ್ದು ಮತ್ತೆ ಉರಿಯುವುದಿಲ್ಲ. ಆದರೆ ಎಲ್ಲವೂ ಪೂರ್ತಿ ಹುರಿದಿರಲಿಲ್ಲ. ಹೊರಗೆ ಬೂದಿ, ಒಳಗೆ ಲೋಹ. ಬೂದಿ ಮುಚ್ಚಿದ ಕೆಂಡ ಎಂದು ನಮ್ಮಲ್ಲಿ ಮಾತಿಗೆ ಹೇಳುತ್ತೇವೆ. ಇಲ್ಲಿ ಅದು ಅಕ್ಷರಶಃ ನಿಜ.

ನೆಲದಡಿ ಗಾಳಿಯಿಲ್ಲದೆ ಅದು ಅರ್ಧ ಶತಮಾನ ಮಲಗಿತ್ತು. ಕೆಳಗಿರುವ ಅಂತರ್ಜಲಕ್ಕೆ ಅಪಾಯವೆಂದು ಆ ಹೊಂಡಗಳನ್ನು ಆಮೇಲೆ ಅಗೆದು, ಕಸವನ್ನು ಮೇಲೆತ್ತಿ, ಬೇರ್ಪಡಿಸಿ, ಹೊಸ ಡ್ರಮ್ಮುಗಳಿಗೆ ತುಂಬಿ ಬೇರೆಡೆಗೆ ಕಳಿಸುವ ಕೆಲಸ ನಡೆಯಿತು. 2018ರ ಏಪ್ರಿಲ್ 11ರ ರಾತ್ರಿ, ದೊಡ್ಡ ಡೇರೆಯಂಥ ಕಟ್ಟಡವೊಂದರಲ್ಲಿ ಆಗಷ್ಟೇ ತುಂಬಿಟ್ಟಿದ್ದ ಡ್ರಮ್ಮು ಬಿಸಿಯಾಗಿ ಹೊಗೆಯಾಡತೊಡಗಿತು. ಅಗ್ನಿಶಾಮಕ ದಳ ಬಂದು ಅದನ್ನು ನೋಡಿಕೊಂಡಿತು. ಆ ರಾತ್ರಿ ಒಟ್ಟು ನಾಲ್ಕು ಡ್ರಮ್ಮುಗಳ ಮುಚ್ಚಳ ಹಾರಿಹೋಗಿ ಒಳಗಿದ್ದದ್ದು ಕಟ್ಟಡದೊಳಗೆಲ್ಲ ಚೆಲ್ಲಿತು. ಮುಚ್ಚಳ ಹಾರುವಾಗ ಹತ್ತಿರ ಯಾರೂ ಇರಲಿಲ್ಲ. ಸಿಬ್ಬಂದಿಯಲ್ಲಿ ಕೆಲವರ ಚರ್ಮಕ್ಕೆ ತಗುಲಿದ್ದ ಅಲ್ಪಸ್ವಲ್ಪವನ್ನು ತೊಳೆದು ತೆಗೆದರು. ಹೊರಗಿನ ಗಾಳಿಗೆ ಏನೂ ಹೋಗಲಿಲ್ಲವೆಂದು ತಿಳಿಸಿದರು.

ತನಿಖೆಯಲ್ಲಿ ಹೊರಬಿದ್ದ ಕಾರಣ ಹೀಗೆ. ಕೆದಕಿ ಬೇರ್ಪಡಿಸುವಾಗ ಯುರೇನಿಯಂ ಚೂರುಗಳಿಗೆ ಹಲವು ದಶಕಗಳ ಬಳಿಕ ಹೊಸ ಗಾಳಿ ಸಿಕ್ಕಿತು. ಅವು ಬಿಸಿಯಾಗತೊಡಗಿದವು. ಆ ಸ್ಥಿತಿಯಲ್ಲೇ ಡ್ರಮ್ಮಿಗೆ ತುಂಬಿ ಮುಚ್ಚಿದರು. ಕಾವು ಏರಿದಂತೆ ಅದೇ ಕಸದಲ್ಲಿದ್ದ ಬೆರಿಲಿಯಂ ಕಾರ್ಬೈಡ್ ಎಂಬ ಇನ್ನೊಂದು ಪದಾರ್ಥ ತೇವದೊಡನೆ ಸೇರಿ ಮೀಥೇನ್ ಅನಿಲ ಬಿಟ್ಟಿತು. ಒತ್ತಡ ತಡೆಯದೆ ಮುಚ್ಚಳ ಹಾರಿತು. ಒಂದು ಕಾಲದ ಕೆಲಸಗಾರರು ಏನು ಹಾಕಿ ಮುಚ್ಚಿದ್ದರೆಂಬುದು ಈಗಿನ ಕೆಲಸಗಾರರಿಗೆ ಸರಿಯಾಗಿ ಗೊತ್ತಿರಲಿಲ್ಲ, ಇಷ್ಟೇ. ಕಾಗದದ ಮೇಲೆ ಆ ಯುರೇನಿಯಂ ಆಗಲೇ ಬೂದಿ. ಡ್ರಮ್ಮಿನೊಳಗೆ ಇನ್ನೂ ಲೋಹ.

ನಲವತ್ತು ವರ್ಷ ಕಾರ್ಖಾನೆಗಳಲ್ಲಿ ಸುತ್ತಿದ ಮೇಲೆ ಹೇಳುತ್ತೇನೆ, ನಂದಕ, ಅಲಾರಂ, ಸಮವಸ್ತ್ರ ಎಲ್ಲ ಆಮೇಲಿನ ಮಾತು. ಮೊದಲು ಬೇಕಾದದ್ದು ಡ್ರಮ್ಮಿನ ಮೇಲೆ ನಿಜ ಬರೆದ ಚೀಟಿ. ಒಳಗೆ ಏನಿದೆ, ಎಷ್ಟು ಸಣ್ಣ ಚೂರು, ಎಣ್ಣೆಯಲ್ಲಿದೆಯೋ ನೀರಿನಲ್ಲಿದೆಯೋ, ಯಾವತ್ತು ಮುಚ್ಚಿದ್ದು. ಇದನ್ನು ಬರೆಯಲು ಹಣ ಬೇಡ, ತಾಳ್ಮೆ ಬೇಕು. ಶಿಫ್ಟ್ ಮುಗಿಯುವ ಹೊತ್ತಿಗೆ ಯಾರಿಗೂ ಇಲ್ಲದಿರುವುದು ಅದೇ.

ಮುಚ್ಚಿಡುವುದರಲ್ಲೂ ಸುಲಭದ ದಾರಿ ಇಲ್ಲ. ಯುರೇನಿಯಂ ಚೂರನ್ನು ಗಾಳಿಗೆ ಬಿಟ್ಟರೆ ಹೊತ್ತುತ್ತದೆ. ನೀರಿನಲ್ಲಿಟ್ಟರೆ ನಿಧಾನವಾಗಿ ಕೊರೆದು ಹೈಡ್ರೋಜನ್ ಬಿಡುತ್ತದೆ. ಸ್ವಲ್ಪ ತೇವ, ಸ್ವಲ್ಪವೇ ಗಾಳಿ ಇರುವ ಬಿಗಿ ಡಬ್ಬಿಯಲ್ಲಿಟ್ಟರೆ ಇನ್ನೂ ಕೆಟ್ಟದ್ದು. ಆ ಹೈಡ್ರೋಜನ್ ಮತ್ತೆ ಲೋಹದೊಡನೆ ಸೇರಿ ಯುರೇನಿಯಂ ಹೈಡ್ರೈಡ್ ಎಂಬ ಕಪ್ಪು ಪುಡಿಯಾಗುತ್ತದೆ. ಮುಚ್ಚಳ ತೆಗೆದ ಕ್ಷಣ ಗಾಳಿ ತಾಗಿ ಅದು ಭಗ್ಗೆನ್ನಬಹುದು. ಎಣ್ಣೆಯಲ್ಲಿ ಮುಳುಗಿಸಿಟ್ಟರೆ ತಕ್ಕಮಟ್ಟಿಗೆ ಸುರಕ್ಷಿತ, ಆದರೆ ವರ್ಷಗಳು ಕಳೆದು ಎಣ್ಣೆ ಸೋರಿ ಇಳಿದರೆ ಮೇಲಿನ ಚೂರು ಬಯಲಾಗುತ್ತದೆ, ಉರಿಯಲು ಎಣ್ಣೆಯೂ ಸಿಗುತ್ತದೆ. ಸಿಮೆಂಟಿನಲ್ಲಿ ಹುದುಗಿಸೋಣವೆಂದರೆ ಹಸಿ ಸಿಮೆಂಟಿನ ಕ್ಷಾರ ಅಲ್ಯೂಮಿನಿಯಂನಂಥ ಲೋಹಗಳೊಡನೆ ಸೇರಿ ಅಲ್ಲಿಯೂ ಹೈಡ್ರೋಜನ್. ಆದ್ದರಿಂದ ಬಲ್ಲವರು ಮಾಡುವುದು ಎರಡು. ಜಡ ಅನಿಲದಲ್ಲಿ ಇಡುವುದು, ಇಲ್ಲವೇ ನಿಗಾ ಇಟ್ಟು ಸ್ವಲ್ಪ ಸ್ವಲ್ಪವೇ ಪೂರ್ತಿ ಸುಟ್ಟು ಆಕ್ಸೈಡ್ ಮಾಡುವುದು. ಹುರಿಯುವುದೇ ಆದರೆ ರವೆ ಹುರಿದ ಹಾಗೆ ಕೈಬಿಡದೆ, ತಳದವರೆಗೆ ಹುರಿಯಬೇಕು.

ಇಂಗ್ಲೆಂಡಿನ ಸೆಲ್ಲಫೀಲ್ಡಿನಲ್ಲಿ ಈ ಎರಡು ಬಗೆಯ ತಲೆನೋವನ್ನೂ ಅಕ್ಕಪಕ್ಕದಲ್ಲೇ ನೋಡಬಹುದು. 1950ರ ದಶಕದ ಒಂದು ಹಗೇವಿನಲ್ಲಿ ಇಂಧನದಿಂದ ಸುಲಿದ ಅಲ್ಯೂಮಿನಿಯಂ, ಮೆಗ್ನೀಸಿಯಂ ಸಿಪ್ಪೆಗಳನ್ನು ಒಣಗಿದಂತೆಯೇ ಮೇಲಿನಿಂದ ಸುರಿದರು. ಅದರ ವಿನ್ಯಾಸಕ್ಕೆ ಮಾದರಿ ಕೆನಡಾದ ಧಾನ್ಯದ ಕಣಜ. ಕಾಳು ತುಂಬುವುದಕ್ಕೆ ಮಾಡಿದ ಮಾದರಿಯಲ್ಲಿ ಬೆಂಕಿಯ ಚೂರು! ಹೊತ್ತಿಕೊಳ್ಳಬಾರದೆಂದು ಅದರೊಳಗೆ ಆರ್ಗಾನ್ ತುಂಬಿ ಕಾಪಾಡಬೇಕಾಯಿತು. ಆಮೇಲೆ ಕಟ್ಟಿದ ಇನ್ನೊಂದರಲ್ಲಿ ಸಿಪ್ಪೆಗಳನ್ನು ನೀರಿನಡಿ ಇಟ್ಟರು. ಬೆಂಕಿಯ ಭಯ ಇಳಿಯಿತು, ಹೈಡ್ರೋಜನ್ ಸದಾ ಹೊರಗೆಳೆಯುತ್ತಿರಬೇಕಾದ ಕೆಲಸ ಗಂಟುಬಿತ್ತು, ನೀರು ನೆಲಕ್ಕೆ ಸೋರಲೂ ತೊಡಗಿತು. ಹಾಕುವಾಗ ಹೊರಗೆ ತೆಗೆಯುವ ಯೋಚನೆ ಯಾರೂ ಮಾಡಿರಲಿಲ್ಲ. ನೀರಿನ ಹಗೇವಿನಿಂದ ಮೊದಲ ಹಿಡಿ ಕಸ ಹೊರಬಂದದ್ದು 2022ರಲ್ಲಿ, ಒಣ ಹಗೇವಿನಿಂದ 2023ರಲ್ಲಿ. ಸ್ಕಾಟ್ಲೆಂಡಿನ ಡೌನ್‌ರೇ ಕೇಂದ್ರದವರು ಇನ್ನೂ ಮುಂದೆ ಹೋಗಿದ್ದರು. 65 ಮೀಟರ್ ಆಳದ ಬಾವಿಯಂಥ ಗುಂಡಿಗೆ ಕಸ ಎಸೆಯುತ್ತಿದ್ದರು. ಬಾವಿಯಲ್ಲಿ ನೀರಿತ್ತು. ಕಸದಲ್ಲಿ ಸೋಡಿಯಂ, ಪೊಟ್ಯಾಶಿಯಂ ಇತ್ತು. 1977ರ ಮೇ 10ರಂದು ಗುಂಡಿಯ ಕಾಂಕ್ರೀಟ್ ಮುಚ್ಚಳ ಹಾರಿಹೋಯಿತು.

ಸರಿ, ಚೆಂಬೂರಿನ ಹಿರಿಯರ ಪ್ರಶ್ನೆ. ನಮ್ಮ ಊರುಗಳಲ್ಲಿ ಇದರ ಸಂಬಂಧ ಎಲ್ಲೆಲ್ಲಿ?

ಕೈಗಾದವರು ಇದನ್ನು ಓದಿ ಗಾಬರಿಯಾಗಬೇಕಿಲ್ಲ. ಕೈಗಾದ ರಿಯಾಕ್ಟರುಗಳ ಇಂಧನ ಯುರೇನಿಯಂ ಲೋಹವಲ್ಲ, ಯುರೇನಿಯಂ ಆಕ್ಸೈಡ್. ಅಂದರೆ ಆಗಲೇ ಆಮ್ಲಜನಕದೊಡನೆ ಸೇರಿರುವ, ಬೂದಿಯ ಜಾತಿಗೆ ಸೇರಿದ ಬಿಲ್ಲೆಗಳು. ಅವನ್ನು ತುಂಬುವ ಕೊಳವೆ ಜಿರ್ಕೋನಿಯಂ ಮಿಶ್ರಲೋಹದ್ದು. ಕೊಳವೆಯ ರೂಪದಲ್ಲಿ ಅದು ಗಟ್ಟಿಮುಟ್ಟು, ಪುಡಿಯಾದಾಗ ಮಾತ್ರ ಪುಂಡ. ಆ ಕೊಳವೆ, ಬಿಲ್ಲೆಗಳು ತಯಾರಾಗುವುದು ಹೈದರಾಬಾದಿನ ನ್ಯೂಕ್ಲಿಯರ್ ಫ್ಯುಯೆಲ್ ಕಾಂಪ್ಲೆಕ್ಸಿನಲ್ಲಿ. ಜಿರ್ಕೋನಿಯಂ ಚೂರಿನ ಜತೆ ದಿನವೂ ವ್ಯವಹರಿಸುವವರು ಅಲ್ಲಿನವರು. ಟ್ರಾಂಬೆಯ ಧ್ರುವ ರಿಯಾಕ್ಟರಿನ ಇಂಧನ ಮಾತ್ರ ಯುರೇನಿಯಂ ಲೋಹವೇ. ಹಾಗಾಗಿ ಲೋಹದ ಚೂರಿನ ಪ್ರಶ್ನೆ ಟ್ರಾಂಬೆಗೆ ಹೊರಗಿನದಲ್ಲ. ಕಲ್ಪಾಕ್ಕಮಿನಲ್ಲಿ 1985ರಿಂದ ಸೋಡಿಯಂ ತಂಪುಕಾರಕದ ರಿಯಾಕ್ಟರ್ ಇದೆ. ಸೋಡಿಯಂ ಮತ್ತು ನೀರಿನ ಜಗಳ ಶಾಲೆಯ ಪ್ರಯೋಗಾಲಯದಲ್ಲೇ ನೋಡಿದ್ದೇವೆ. ಈ ಕೇಂದ್ರಗಳಲ್ಲಿ ತರಬೇತಾದ ಜನ ಇದ್ದಾರೆ, ನಿಯಮಗಳಿವೆ, ಮೇಲೆ ಕಣ್ಣಿಡಲು 1983ರಿಂದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಇದೆ. ದೂರದಲ್ಲಿ ಮನೆ ಮಾಡಿರುವವರು ಮಾಡಬೇಕಾದದ್ದು ಸರಳ: ಅಂಥ ಹೊಗೆಯ ಸುದ್ದಿ ಬಂದರೆ ಗಚ್ಚಿ ಹತ್ತಿ ನೋಡುವುದಲ್ಲ, ಒಳಗೆ ಹೋಗಿ ಕಿಟಕಿ ಮುಚ್ಚಿ, ಎಸಿ, ಎಕ್ಸಾಸ್ಟ್ ಫ್ಯಾನ್ ನಿಲ್ಲಿಸಿ, ಅಧಿಕೃತ ಸೂಚನೆಗೆ ಕಾಯುವುದು. ಹಿರಿಯರಿಗೆ ಅಂದು ನಾನು ಹೇಳಿದ್ದೂ ಇಷ್ಟೇ.

ನನಗೆ ಹೆಚ್ಚು ಚಿಂತೆ ಬೇಲಿಯ ಒಳಗಿನದಲ್ಲ, ಹೊರಗಿನದು. ಮುಂಬಯಿಗೆ ಬಂದ ಹೊಸದರಲ್ಲಿ 'ಭಂಗಾರ್, ಭಂಗಾರ್' ಎಂದು ಕೂಗುತ್ತ ಬರುವವನನ್ನು ನೋಡಿ, ಇವನೇನು ಬೀದಿಯಲ್ಲಿ ಬಂಗಾರ ಕೊಳ್ಳುತ್ತಾನಾ ಎಂದು ಬೆರಗಾಗದ ಕನ್ನಡಿಗರಿಲ್ಲ. ನಮ್ಮ ಗುಜರಿಗೆ ಇಲ್ಲಿಯ ಹೆಸರು ಅದು. ಕುರ್ಲಾ, ಧಾರಾವಿ, ತಳೋಜದ ಗುಜರಿ ಅಂಗಡಿಗಳಲ್ಲಿ ಲೋಹ ಒಡೆಯುವ, ಆರಿಸುವ ಕೈಗಳಲ್ಲಿ ಕಲಬುರಗಿ, ಯಾದಗಿರಿ ಕಡೆಯ ಕೈಗಳೂ ಇವೆ. ಅಲ್ಲಿ ಡ್ರಮ್ಮಿಗೆ ಚೀಟಿಯೇ ಇರುವುದಿಲ್ಲ. 2010ರಲ್ಲಿ ದೆಹಲಿಯ ಮಾಯಾಪುರಿಯಲ್ಲಿ ಆದದ್ದು ನೆನಪಿರಬಹುದು. ವಿಶ್ವವಿದ್ಯಾಲಯವೊಂದರ ಪ್ರಯೋಗಾಲಯದ ಹಳೆಯ ಉಪಕರಣ ಹರಾಜಿನಲ್ಲಿ ಗುಜರಿಗೆ ಬಂತು, ಅದರೊಳಗೆ ಕೋಬಾಲ್ಟ್-60 ಇತ್ತು, ಒಬ್ಬ ಕಾರ್ಮಿಕ ಪ್ರಾಣ ಬಿಟ್ಟ. ಅದು ಬೆಂಕಿಯ ಪ್ರಕರಣವಲ್ಲ. ಆದರೆ ಅದೇ ದಾರಿಯಲ್ಲಿ ಬೆಂಕಿಯೂ ಬರಬಹುದು. ಹೇಗೆಂದರೆ, ಪೈಪುಗಳ ಬೆಸುಗೆ ಪರೀಕ್ಷಿಸುವ ಗಾಮಾ ರೇಡಿಯೋಗ್ರಫಿ ಕ್ಯಾಮರಾಗಳಲ್ಲಿ, ಕ್ಯಾನ್ಸರ್ ಚಿಕಿತ್ಸೆಯ ಕೆಲವು ಹಳೆಯ ಕೋಬಾಲ್ಟ್ ಯಂತ್ರಗಳಲ್ಲಿ ವಿಕಿರಣ ತಡೆಯಲು ಡಿಪ್ಲೀಟೆಡ್ ಯುರೇನಿಯಂನ ಗಟ್ಟಿ ತುಂಡು ಇರುತ್ತದೆ. ಗಟ್ಟಿಯಾಗಿರುವಷ್ಟು ಹೊತ್ತು ಅದು ಬೆಂಕಿಯ ಮಟ್ಟಿಗೆ ಸಾಧು. ಅದಕ್ಕೆ ಗ್ರೈಂಡರ್ ಹಚ್ಚಿದರೆ ಸುರ್ಸುರ್ ಬತ್ತಿಯಂತೆ ಕಿಡಿ, ಕೆಳಗೆ ಬಿದ್ದ ಪುಡಿ ಉರಿಯುತ್ತದೆ, ಆ ಹೊಗೆಯನ್ನು ಕುಡಿಯುವವನು ಬಾಯಿಗೆ ಕರವಸ್ತ್ರ ಕಟ್ಟಿಕೊಂಡ ಹುಡುಗ.

ಗುರುತು ಹಿಡಿಯುವುದು ಕಷ್ಟವಲ್ಲ. ಒಂದು ಲೀಟರ್ ಹಾಲಿನ ಪ್ಯಾಕೆಟ್ಟಿನಷ್ಟು ಗಾತ್ರದ ಕಬ್ಬಿಣ 8 ಕಿಲೋಗೆ ಸ್ವಲ್ಪ ಕಡಿಮೆ ತೂಗುತ್ತದೆ, ಸೀಸ 11 ಕಿಲೋ. ಯುರೇನಿಯಂ 19 ಕಿಲೋ. ಸೀಸವೆಂದು ಎತ್ತಲು ಹೋದದ್ದು ಕೈಗೆ ಜಗ್ಗದಿದ್ದರೆ, ಅದಕ್ಕೆ ಕಟರ್, ಗ್ರೈಂಡರ್, ಗ್ಯಾಸ್ ಏನನ್ನೂ ಹಚ್ಚಬಾರದು. ದೂರ ಸರಿದು, ಬೇರೆಯವರನ್ನೂ ದೂರ ಕಳಿಸಿ, 112ಕ್ಕೆ ಫೋನ್ ಮಾಡಿ ವಿಕಿರಣದ ಅನುಮಾನ ಎಂದು ಸ್ಪಷ್ಟವಾಗಿ ಹೇಳಬೇಕು. ಇಂಥ ಉಪಕರಣ ಹಳತಾದರೆ ಗುಜರಿಗೆ ಹಾಕುವಂತಿಲ್ಲ. ಅಧಿಕೃತವಾಗಿ ಹಿಂತಿರುಗಿಸಬೇಕೆಂದು ಕಾನೂನೇ ಇದೆ. ಪುಣೆ, ಚೆನ್ನೈಗಳಲ್ಲಿ ಇಂಥ ಕಂಪನಿಗಳ ಸ್ಟೋರ್ಸ್, ಪರ್ಚೇಸ್ ವಿಭಾಗದಲ್ಲಿರುವ ನಮ್ಮವರು ಹರಾಜಿನ ಪಟ್ಟಿಗೆ ಸಹಿ ಹಾಕುವ ಮುನ್ನ ಒಮ್ಮೆ ಗೋದಾಮಿಗೆ ಹೋಗಿ ಕಣ್ಣಾರೆ ನೋಡಿದರೆ ಒಳ್ಳೆಯದು.

ಹಳದಿಯ ಮೇಲೆ ಮೂರು ಎಸಳಿನ ಗುರುತು ಎಲ್ಲರಿಗೂ ಅರ್ಥವಾಗುವುದಿಲ್ಲ. ಫ್ಯಾನೋ ಹೂವೋ ಎಂದುಕೊಂಡವರನ್ನು ನಾನೇ ಕಂಡಿದ್ದೇನೆ. ಅದಕ್ಕೇ 2007ರಲ್ಲಿ ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ ಓದು ಬಾರದವರಿಗೂ ತಿಳಿಯುವಂಥ ಇನ್ನೊಂದು ಗುರುತನ್ನು ತಂದಿತು. ಕೆಂಪು ತ್ರಿಕೋನದಲ್ಲಿ ಮೂರೆಸಳಿನಿಂದ ಇಳಿಯುವ ಅಲೆಗಳು, ಒಂದು ತಲೆಬುರುಡೆ, ಓಡಿಹೋಗುತ್ತಿರುವ ಮನುಷ್ಯ. ಇದನ್ನು ಉಪಕರಣದ ಹೊರಮೈ ಮೇಲೆ ಹಾಕುವುದಿಲ್ಲ. ಬಿಚ್ಚುತ್ತ ಹೋದವರಿಗೆ ಮಾತ್ರ ಕಾಣುವಂತೆ ಒಳಗೆ, ವಿಕಿರಣದ ಮೂಲದ ಹತ್ತಿರ ಇರುತ್ತದೆ. ಗುಜರಿ ಅಂಗಡಿಗಳಲ್ಲಿ ತರಬೇತಿಗೆ ಹೋದಾಗ ನಾನು ಅದರ ದೊಡ್ಡ ಚಿತ್ರ ಒಯ್ದು ತೂಕದ ಯಂತ್ರದ ಮೇಲ್ಗಡೆ ಅಂಟಿಸಿ ಬರುತ್ತೇನೆ. ಅದು ಕಂಡಿತೆಂದರೆ ಇನ್ನೊಂದು ಸ್ಕ್ರೂ ಕೂಡ ಬಿಚ್ಚಬೇಡಿ ಎಂದು ಹುಡುಗರಿಗೆ ಹೇಳುತ್ತೇನೆ. ಚಿತ್ರದಲ್ಲಿರುವವನು ಯಾವ ಕಡೆ ಓಡುತ್ತಿದ್ದಾನೆ ನೋಡಿ, ಹಾಗೆ ಓಡಿ.